ಸಣ್ಣಾಸ್ಪತ್ರೆಯ ಹನ್ನೊಂದು ಸಾವು

ಮಾರ್ಚ್ 3, ಸೋಮವಾರ

ಇವತ್ತು ಮಧ್ಯಾಹ್ನದೊಳಗೆ ಮೂರು ಜನರ ಮೇಲೆ ರೇಗಿದ್ದೇನೆ. ಮೂವರೂ ಅದಕ್ಕೆ ತಕ್ಕವರೇ.

ಮೊದಲನೆಯವನು ನಮ್ಮ ಸಂಸ್ಥೆಯ ಲಿಫ್ಟಿನವನು. ಲಿಫ್ಟು ಕೆಟ್ಟು ವಾರವಾಯಿತು, ಇವನು ಮಾತ್ರ ಅದರೊಳಗೆ ಸ್ಟೂಲು ಹಾಕಿಕೊಂಡು ಕೂತೇ ಇದ್ದಾನೆ. ಎರಡನೆಯವಳು ನನ್ನ ಸಹಾಯಕಿ. ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು, ಆದರೆ ನನ್ನೆದುರು ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತದೆ. ಪಿಸುಮಾತು ಎಂದು ನಾನೇ ಅಡ್ಡಹೆಸರು ಇಟ್ಟಿದ್ದೇನೆ. “ಗಂಟಲು ಮನೇಲಿ ಬಿಟ್ಟು ಬಂದಿದೀಯಾ?” ಎಂದು ಎಲ್ಲರೆದುರು ಕೇಳಿದೆ. ಕಣ್ಣು ತುಂಬಿಕೊಂಡಳು. ಅದಕ್ಕೂ ರೇಗಿತು.

ಮೂರನೆಯವಳು ನನ್ನ ತಂಗಿ. ದಿನ ತುಂಬಿದ ಬಸುರಿ. ಹೆರಿಗೆಗೆ ಮನೆ ಹತ್ತಿರದ ಸಣ್ಣಾಸ್ಪತ್ರೆಗೇ ಹೋಗುತ್ತಾಳಂತೆ. “ನಡ್ಕೊಂಡೇ ಹೋಗ್ಬಹುದು ಅಕ್ಕ, ಅಲ್ಲಿಯವರು ಹೆಸರು ಹಿಡಿದು ಮಾತಾಡಿಸ್ತಾರೆ” ಎಂದಳು. ಹೆಸರು ಹಿಡಿದು ಮಾತಾಡಿಸಿ ಸಾಯಿಸುತ್ತಾರೆ ಎಂದೆ. ಫೋನಿಟ್ಟಳು.

ಅದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಹೆರಿಗೆಯ ಆಸುಪಾಸಿನಲ್ಲಿ ತಾಯಂದಿರು, ಎಳೆಮಕ್ಕಳು ಎಲ್ಲಿ ಹೆಚ್ಚು ಸಾಯುತ್ತಾರೆ, ಏಕೆ ಸಾಯುತ್ತಾರೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಅಮ್ಮ ನೆರೆಯವರಿಗೆ ಹೇಳುವ ಪ್ರಕಾರ, “ದೊಡ್ಡವಳು ಡಾಕ್ಟ್ರೇ, ಆದ್ರೆ ಸತ್ತೋರಿಗೆ.” ಈ ಊರಿನ ಹೊಳೆಯ ಆಚೆ ದೊಡ್ಡಾಸ್ಪತ್ರೆ, ಈಚೆ ಸಣ್ಣಾಸ್ಪತ್ರೆ. ಎರಡೂ, ನಮ್ಮ ಸಂಶೋಧನಾ ಸಂಸ್ಥೆಯೂ ಒಬ್ಬರೇ ನಿರ್ದೇಶಕರ ಕೈಕೆಳಗಿವೆ. ಅವರ ಎರಡು ವರ್ಷದ ಸಮೀಕ್ಷೆ ಈಗ ನನ್ನ ಮೇಜಿನ ಮೇಲಿದೆ. ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ದುಪ್ಪಟ್ಟು, ಸತ್ತ ತಾಯಂದಿರು ನಾಲ್ಕು. ಸಣ್ಣಾಸ್ಪತ್ರೆಯಲ್ಲಿ ಹನ್ನೊಂದು. ಅಲ್ಲಿನ ಹೆರಿಗೆ ವಾರ್ಡನ್ನು ಮುಚ್ಚಬೇಕೆಂದು ಶಿಫಾರಸು. ಭಾಷೆ ತಿದ್ದಿ ಕೊಡುವುದು ನನ್ನ ಪಾಲಿನ ಕೆಲಸ. ತಿದ್ದುವುದೇನು ಬಂತು, ನಾಳೆಯೇ ಬೀಗ ಜಡಿಯಲಿ.

ಮಾರ್ಚ್ 6, ಗುರುವಾರ

ತಂಗಿಯ ಮನೆಗೆ ಹೋಗಿದ್ದೆ. ಅಮ್ಮ ಆಗಲೇ ಬಂದು ಅಲ್ಲಿ ಠಿಕಾಣಿ ಹೂಡಿದ್ದಾಳೆ. ಸಮೀಕ್ಷೆಯ ಕೋಷ್ಟಕ ತೆಗೆದು ತಂಗಿಯ ಮುಂದೆ ಹಿಡಿದೆ. ಅವಳು ಅದನ್ನು ನೋಡದೆ ನನ್ನ ಮುಖವನ್ನೇ ನೋಡಿದಳು.

“ಅಕ್ಕ, ನೀನು ನನ್ನನ್ನ ಒಪ್ಪಿಸ್ತಿದೀಯೋ ಹೆದರಿಸ್ತಿದೀಯೋ?”

“ಎರಡೂ. ಯಾವುದು ಬೇಗ ನಾಟುತ್ತೋ ಅದು.”

“ಸರಿ ಮಾರಾಯ್ತಿ, ದೊಡ್ಡಾಸ್ಪತ್ರೆಗೇ ಹೋಗ್ತೀನಿ. ಕಿರುಚಬೇಡ, ಒಳಗಿರೋದು ಒದೀತಿದೆ.”

ಗೆದ್ದೆ. ತಂಗಿಯ ಗಂಡ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಹೊರಗೆ ಬರಲೇ ಇಲ್ಲ. ನಾನು ಹೋದಾಗೆಲ್ಲ ಆ ಮನೆಯಲ್ಲಿ ಪಾತ್ರೆಗಳು ಫಳಫಳ ಹೊಳೆಯುತ್ತವೆ.

ಮಾರ್ಚ್ 12, ಬುಧವಾರ

ಹೆಣ್ಣು ಮಗು. ನಿನ್ನೆ ಹುಟ್ಟಿತು. ತಂಗಿ ಚೆನ್ನಾಗಿದ್ದಾಳೆ.

ದೊಡ್ಡಾಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು. ಜನ ನಂಬುವ ಆಸ್ಪತ್ರೆ ಎಂದ ಮೇಲೆ ಹೀಗೇ ಇರುತ್ತದೆ. ಇವತ್ತು ಮಧ್ಯಾಹ್ನ ಮನೆಗೆ ಕಳಿಸಿದರು. ಮಂಚ ಬಿಡಿಸಲು ಬಂದ ನರ್ಸು ತಂಗಿಯ ಮುಖವನ್ನೂ ನೋಡದೆ, “ಈ ಮಂಚದ ಎರಡನೇದು, ಏಳಮ್ಮ” ಎಂದಳು. ರೇಗೋಣವೆಂದುಕೊಂಡೆ. ಬಾಗಿಲಲ್ಲಿ ಇನ್ನೊಬ್ಬಳು ನೋವು ತಿನ್ನುತ್ತ ನಿಂತಿದ್ದಳು, ಸುಮ್ಮನಾದೆ.

ಮಗುವಿಗೆ ನನ್ನ ಮೂಗು ಬಂದಿದೆಯಂತೆ. “ಮೂಗಷ್ಟೇ ಬರ್ಲಿ” ಎಂದಳು ಅಮ್ಮ.

ಮಾರ್ಚ್ 17, ಸೋಮವಾರ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೋ ಭಯಕ್ಕೋ ಗೊತ್ತಿಲ್ಲ, ಸಿಟ್ಟಿಗೇ ಎಂದಿಟ್ಟುಕೊಳ್ಳುತ್ತೇನೆ.

ತಂಗಿಗೆ ಶನಿವಾರದಿಂದ ಜ್ವರ. ನನಗೆ ಹೇಳಿಲ್ಲ. ಭಾನುವಾರ ಫೋನು ಮಾಡಿದಾಗಲೂ ಅಮ್ಮ, “ಮಲಗಿದಾಳೆ, ಚೆನ್ನಾಗಿದಾಳೆ” ಎಂದಳು. ಇವತ್ತು ಬೆಳಿಗ್ಗೆ ತಂಗಿಯ ಗಂಡ ಫೋನು ಮಾಡಿ, “ಅಕ್ಕ, ಅವಳು ಏನೇನೋ ಮಾತಾಡ್ತಿದಾಳೆ, ನನ್ನ ಗುರುತು ಸಿಗ್ತಿಲ್ಲ” ಎಂದ. ಸೇತುವೆಯ ಮೇಲೆ ಲಾರಿಯೊಂದು ಅಡ್ಡ ಮಗುಚಿ ಆಚೆ ದಡಕ್ಕೆ ದಾರಿಯೇ ಇರಲಿಲ್ಲ. ಅವನು ಅವಳನ್ನು ಎತ್ತಿಕೊಂಡು ಸಣ್ಣಾಸ್ಪತ್ರೆಗೆ ಓಡಿದ್ದ. ಗರ್ಭಕೋಶದಲ್ಲಿ ನಂಜು.

ಅಲ್ಲಿ ಇರುವುದು ಒಬ್ಬಳೇ ಡಾಕ್ಟರು, ಮಾತಿಲ್ಲದ ಹೆಂಗಸು. ಮಾತೆಲ್ಲ ಹಿರಿಯ ನರ್ಸಿನದು. ಆಕೆಯನ್ನು ಬೀದಿಯವರೆಲ್ಲ ಗುಡುಗಮ್ಮ ಎನ್ನುತ್ತಾರೆ. ನಾನು ಒಳಗೆ ನುಗ್ಗಿ ಯಾವ ಔಷಧಿ, ಎಷ್ಟು, ಏಕೆ ಎಂದು ಕೂಗಾಡಿದೆ. ಆಕೆ ತಿರುಗಿಯೂ ನೋಡಲಿಲ್ಲ.

“ಡಾಕ್ಟ್ರಾಗಿ ಬಂದಿದ್ರೆ ಆಚೆ ನಿಂತ್ಕೊಳಿ. ಅಕ್ಕ ಆಗಿ ಬಂದಿದ್ರೆ ಈ ಕೈ ಅಲ್ಲಾಡದ ಹಾಗೆ ಹಿಡ್ಕೊಳಿ.”

ಹಿಡಿದುಕೊಂಡೆ. ಸೂಜಿ ಹೋಯಿತು. ಸಂಜೆಯ ಹೊತ್ತಿಗೆ ತಂಗಿ ಕಣ್ಣು ಬಿಟ್ಟು ನೀರು ಕೇಳಿದಳು.

ಹೊರಗೆ ಬಂದು ಅಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಎರಡು ದಿನ ಬಚ್ಚಿಟ್ಟೆಯಲ್ಲ, ಅವಳು ಹೋಗಿದ್ದರೆ? ಅಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು.

“ಅವಳೇ ಬೇಡ ಅಂದ್ಲು. ಹೇಳಿದ್ರೆ ನೀನು ಬೈತೀಯ ಅಂತ.”

ನಾನು ಬೈಯುತ್ತೇನಂತೆ. ಅದಕ್ಕೆ ಹೇಳಲಿಲ್ಲವಂತೆ. ಇಡೀ ಊರಿನ ತಾಯಂದಿರ ಜ್ವರ ನನ್ನ ಕಂಪ್ಯೂಟರಿನಲ್ಲಿದೆ, ಸ್ವಂತ ತಂಗಿಯ ಜ್ವರ ನನಗೆ ಗೊತ್ತಿಲ್ಲ. ಬೈಯುವುದು ಯಾರಿಗಾಗಿ? ಅವರ ಒಳ್ಳೆಯದಕ್ಕಲ್ಲವೇ?

ಮಾರ್ಚ್ 18, ಮಂಗಳವಾರ

ಬೆಳಿಗ್ಗೆಯಿಂದ ತಂಗಿಯ ಮಂಚದ ಪಕ್ಕ ಕೂತಿದ್ದೆ. ಸಣ್ಣಾಸ್ಪತ್ರೆಯ ಗೋಡೆಗೆ ಹಸಿರು ಬಣ್ಣ, ಮಂಚಗಳ ಕಾಲಿಗೆ ರಬ್ಬರ್ ಚಕ್ರ. ಮಂಚಕ್ಕೆ ಒಬ್ಬಳೇ ಬಾಣಂತಿ. ನಾನು ಮುಚ್ಚಬೇಕೆಂದಿದ್ದ ವಾರ್ಡು ಇದೇ.

ಆಗ ಹೊಳೆಯಿತು, ಹೊಳೆದ ಕೂಡಲೇ ಎದ್ದು ನಿಂತುಬಿಟ್ಟೆ. ನಿನ್ನೆ ಇವಳು ಸತ್ತಿದ್ದರೆ ಯಾವ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತಿದ್ದಳು? ಸಾವು ಆದ ಜಾಗಕ್ಕೆ. ಸಣ್ಣಾಸ್ಪತ್ರೆಗೆ. ಹನ್ನೆರಡನೆಯವಳಾಗಿ. ಹೆರಿಗೆ ಮಾಡಿದ್ದು ದೊಡ್ಡಾಸ್ಪತ್ರೆ, ಒಂದೇ ದಿನಕ್ಕೆ ಎಬ್ಬಿಸಿ ಕಳಿಸಿದ್ದು ದೊಡ್ಡಾಸ್ಪತ್ರೆ, ನಂಜು ಅಂಟಿದ್ದು ಆ ಹಂಚಿಕೊಂಡ ಹಾಸಿಗೆಯಲ್ಲಿ. ಮನೆಯಲ್ಲಿ ಜ್ವರ ಏರಿ ಪ್ರಜ್ಞೆ ತಪ್ಪುವ ಹೊತ್ತಿಗೆ ಈಚೆ ದಡದವರು ಯಾರಾದರೂ ಓಡಿಬರುವುದು ಹತ್ತಿರದ ಬಾಗಿಲಿಗೆ.

ಹಾಗಾದರೆ ಆ ಹನ್ನೊಂದರಲ್ಲಿ ಎಷ್ಟು ಜನ ಹೀಗೆ ಬಂದವರು? ನಮ್ಮ ಪ್ರಶ್ನಾವಳಿಯಲ್ಲಿ ಸಾವಿನ ಸ್ಥಳ ಇದೆ, ಹೆರಿಗೆಯ ಸ್ಥಳ ಇಲ್ಲ. ಕೇಳಿಯೇ ಇಲ್ಲ. ಇಷ್ಟು ಓದಿದ ಇಷ್ಟು ಜನ ಕೂತು ತಯಾರಿಸಿದ ಪ್ರಶ್ನಾವಳಿಯಲ್ಲಿ ಹುಟ್ಟು ಎಲ್ಲಾಯಿತು ಎಂದು ಕೇಳುವ ತಲೆ ಒಂದೂ ಇರಲಿಲ್ಲ.

ಮಾರ್ಚ್ 20, ಗುರುವಾರ

ನಮ್ಮ ನಿರ್ದೇಶಕರನ್ನು ಬೆನ್ನ ಹಿಂದೆ ಎಲ್ಲರೂ ಬೆಣ್ಣೆ ಎನ್ನುತ್ತಾರೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸುವವರು, ಅವರ ದನಿ ಏರಿದ್ದನ್ನು ಕೇಳಿದವರಿಲ್ಲ. ನನಗೆ ಈ ವಿದ್ಯೆ ಕಲಿಸಿದವರೂ ಅವರೇ. ಹೋಗಿ ಎಲ್ಲ ಹೇಳಿದೆ.

“ಕೂತ್ಕೊಳಮ್ಮ. ತಂಗಿ ಹೇಗಿದಾಳೆ?” ಎಂದರು. ಆಮೇಲೆ, “ಸಾವು ಎಲ್ಲಾಯ್ತೋ ಅಲ್ಲಿಗೆ ಬರೆಯೋದು ಎಲ್ಲಾ ಕಡೆ ಇರೋ ಪದ್ಧತಿ. ನಾವು ಹೊಸದಾಗಿ ಕಂಡುಹಿಡಿದಿದ್ದಲ್ಲ” ಎಂದರು.

“ಬರೆಯೋಕೆ ಸರಿ ಸರ್. ಅದನ್ನ ಹಿಡ್ಕೊಂಡು ವಾರ್ಡ್ ಮುಚ್ಚೋಕೆ ಸರಿ ಅಲ್ಲ.”

“ನಿನಗೀಗ ಮನಸ್ಸು ಸರಿ ಇಲ್ಲ. ನಾಲ್ಕು ದಿನ ರಜೆ ತಗೋ.”

ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು. ಏನೇನು ಅಂದೆನೋ ನೆನಪಿಲ್ಲ. ಸುಳ್ಳುಗಾರ ಎಂದಿದ್ದಂತೂ ನಿಜ, ಏಕೆಂದರೆ ಹೊರಗಿನ ಗುಮಾಸ್ತರು ನನ್ನನ್ನು ಕಂಡು ಎದ್ದು ನಿಂತರು. ನಿರ್ದೇಶಕರು ಮಾತ್ರ ನಗುತ್ತಲೇ ಗಂಟೆ ಒತ್ತಿ ನನಗೊಂದು ಲೋಟ ನೀರು ತರಿಸಿದರು. ಆ ನೀರು ಕುಡಿಯಲಿಲ್ಲ. ಮುಂದಿನ ತಿಂಗಳ ಹತ್ತಕ್ಕೆ ಸಮಿತಿ ಸೇರಿ ವಾರ್ಡಿನ ಹಣೆಬರಹ ತೀರ್ಮಾನಿಸುತ್ತದೆ.

ಮಾರ್ಚ್ 21, ಶುಕ್ರವಾರ

ಕಚೇರಿಗೆ ಹೋಗಲಿಲ್ಲ. ಹೋಗಿದ್ದರೆ ಏನನ್ನಾದರೂ ಒಡೆಯುತ್ತಿದ್ದೆ.

ಮಾರ್ಚ್ 24, ಸೋಮವಾರ

ಹನ್ನೊಂದು ಮನೆಗಳಿಗೂ ನಾನೇ ಹೋಗಿ ಕೇಳಬೇಕು, ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಇದುವರೆಗೆ ಯಾವಾಗಲೂ ಸಹಾಯಕರನ್ನೇ ಕಳಿಸಿದ್ದೆ. ಸತ್ತವರ ಮನೆಯಲ್ಲಿ ಕೂರುವುದು ನನಗಾಗದು. ಪಿಸುಮಾತನ್ನೂ ಕರೆದುಕೊಂಡು ಹೊರಟೆ.

ಮೊದಲನೆಯ ಮನೆ ಬಟ್ಟೆಗೆ ಗುಂಡಿ ಹೊಲಿಯುವವರದು. ಸತ್ತವಳ ಅತ್ತೆ ಬಾಗಿಲಲ್ಲೇ ಕೂತು ಹೊಲಿಯುತ್ತಿದ್ದಳು. ನಾನು ನಿಂತಲ್ಲೇ, “ನಿಮ್ಮ ಸೊಸೆಗೆ ಹೆರಿಗೆ ಎಲ್ಲಾಯ್ತು?” ಎಂದು ಕೇಳಿದೆ. ಆಕೆ ದಾರ ಕಚ್ಚಿ ತುಂಡು ಮಾಡಿದಳು.

“ಎಷ್ಟು ಸಲ ಬರ್ತೀರ ನೀವು? ಹೋದ ವರ್ಷ ಒಬ್ಬ ಬಂದು ಗೀಚ್ಕೊಂಡು ಹೋದ.”

“ಅವನು ಇದನ್ನ ಕೇಳಿಲ್ಲ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ದೊಡ್ಡಾಸ್ಪತ್ರೆನೋ ಸಣ್ಣಾಸ್ಪತ್ರೆನೋ? ಒಂದು ಮಾತು, ಅಷ್ಟೇ.”

“ಸರಿಯಾಗಿ ನೆನಪು ಮಾಡ್ಕೊಂಡು?” ಎಂದಳು. ಬಟ್ಟೆ ಮಡಿಚಿ ಎದ್ದು ಬಾಗಿಲು ಹಾಕಿಕೊಂಡಳು.

ನಿಮ್ಮ ಪರವಾಗಿಯೇ ಬಂದಿದ್ದೇನಮ್ಮಾ ಎಂದು ಮುಚ್ಚಿದ ಬಾಗಿಲಿಗೆ ಕೂಗಿ ಹೇಳಿದೆ. ಇವತ್ತು ಹೋದ ಇನ್ನು ಮೂರು ಮನೆಗಳಲ್ಲೂ ಇದೇ ಪಾಡು. ಹಿಂದಿರುಗುವಾಗ ಬಸ್ಸಿನಲ್ಲಿ ಪಿಸುಮಾತು ಏನೋ ಹೇಳಿದಳು, ಕೇಳಿಸಲಿಲ್ಲ. ಜೋರಾಗಿ ಹೇಳು ಎಂದೆ. ಕಿಟಕಿಯ ಕಡೆ ತಿರುಗಿ ಹೇಳಿದಳು: “ಮೇಡಂ, ನಾವು ಕೂತ್ಕೊಳ್ಳಲೇ ಇಲ್ಲ.”

ಕೂತುಕೊಳ್ಳುವುದಕ್ಕೆ ನಾವೇನು ನೆಂಟರೇ?

ಮಾರ್ಚ್ 27, ಗುರುವಾರ

ಮತ್ತೆ ಗುಂಡಿ ಹೊಲಿಯುವ ಮನೆಗೆ ಹೋದೆ. ಇವತ್ತು ಕಾಲು ನೋಯುತ್ತಿತ್ತು, ಆಕೆಯ ಪಕ್ಕದ ಕಟ್ಟೆಯ ಮೇಲೆ ಕೂತುಕೊಂಡೆ. ಆಕೆ ಏಳು ಎನ್ನಲಿಲ್ಲ. ಗುಂಡಿ ಹೊಲಿಯುತ್ತಲೇ ಇದ್ದಳು. ಒಳಗಿನಿಂದ ಮಗುವೊಂದು ಅಂಬೆಗಾಲಿಟ್ಟು ಬಂದು ಗುಂಡಿಯ ಡಬ್ಬಿಗೆ ಕೈ ಹಾಕಿತು. ಬಾಯಿಗೆ ಹಾಕಿಕೊಳ್ಳುವ ಮೊದಲು ಕಿತ್ತುಕೊಂಡೆ, ಅದು ಕಿರುಚಿತು, ಎತ್ತಿಕೊಂಡೆ. ನಮ್ಮ ಲೆಕ್ಕದಲ್ಲಿ ಈ ಮಗುವಿನ ಬಗ್ಗೆ ಇರುವುದು ಒಂದೇ ಪದ: ಜೀವಂತ.

ಕೈಯಲ್ಲಿದ್ದ ಅಂಗಿ ಮುಗಿಸಿ ಆಕೆಯೇ ಶುರುಮಾಡಿದಳು.

“ಇದು ಹುಟ್ಟಿದ್ದು ಆಚೆ ದಡದಲ್ಲಿ. ಮಾರನೇ ದಿನ ಕಳಿಸಿಬಿಟ್ರು. ಚಳಿ ಅಂದ್ಲು, ಹೊದಿಸಿದೆ. ಚಳಿ ಅಂದ್ಲು, ಇನ್ನೊಂದು ಹೊದಿಸಿದೆ. ನನಗೇನು ಗೊತ್ತು? ಆಮೇಲೆ ಇಲ್ಲೇ ಸಣ್ಣಾಸ್ಪತ್ರೆಗೆ ಎತ್ಕೊಂಡು ಹೋದ್ವಿ. ಆ ಗುಡುಗಮ್ಮ ಎದೆ ಒತ್ತಿ ಒತ್ತಿ ಅತ್ತುಬಿಟ್ಲು.”

“ಹೋದ ವರ್ಷ ಬಂದವನಿಗೆ ಇದನ್ನ ಹೇಳಿದ್ರಾ?”

“ಎಲ್ಲಿ ಸತ್ಲು ಅಂದ. ಎಲ್ಲಿ ಸತ್ಲೋ ಹೇಳಿದೆ.”

ಮಗು ನನ್ನ ಕನ್ನಡಕ ಎಳೆದು ನೆಲಕ್ಕೆ ಬೀಳಿಸಿತು. ಗಾಜಿಗೆ ಗೀರು ಬಿದ್ದಿದೆ. ಪರವಾಗಿಲ್ಲ.

ಮಾರ್ಚ್ 29, ಶನಿವಾರ

ಹನ್ನೊಂದೂ ಮನೆ ಮುಗಿಯಿತು. ಎಂಟು ಜನ ಹೆತ್ತದ್ದು ದೊಡ್ಡಾಸ್ಪತ್ರೆಯಲ್ಲಿ.

ಎಂಟು. ಸಣ್ಣಾಸ್ಪತ್ರೆಯಲ್ಲೇ ಹೆತ್ತು ಸತ್ತವರು ಮೂವರು. ಈ ಎಂಟನ್ನು ಆಚೆ ದಡಕ್ಕೆ ಸೇರಿಸಿದರೆ ಅಲ್ಲಿ ನಾಲ್ಕಲ್ಲ, ಹನ್ನೆರಡು; ಹೆರಿಗೆ ದುಪ್ಪಟ್ಟು, ಸಾವು ನಾಲ್ಕು ಪಟ್ಟು. ಮುಚ್ಚಬೇಕೆಂದು ಹೊರಟಿದ್ದು ಎರಡರಲ್ಲಿ ಒಳ್ಳೆಯದನ್ನು.

ಒಬ್ಬಳು ದಪ್ಪ ಗಾಜಿನ ಬಾಟಲಿಗಳಿಗೆ ಬಣ್ಣ ಬಳಿಯುತ್ತಿದ್ದಳಂತೆ, ಕಿಟಕಿಯಲ್ಲಿ ಇನ್ನೂ ಸಾಲಾಗಿ ಇವೆ. ಒಬ್ಬಳಿಗೆ ನಾಯಿ ಕಂಡರೆ ಜೀವ ಹೋಗುವಷ್ಟು ಭಯವಿತ್ತು, ಅವಳ ಗಂಡ ಈಗ ನಾಯಿ ಸಾಕಿದ್ದಾನೆ. ಒಬ್ಬಳು ಎಲ್ಲರನ್ನೂ ಅಣಕಿಸುತ್ತಿದ್ದಳು. ಇದನ್ನೆಲ್ಲ ಏಕೆ ಬರೆದುಕೊಂಡು ಬಂದೆನೋ, ಯಾವ ಕೋಷ್ಟಕಕ್ಕೂ ಬೇಡದ ವಿಷಯ.

ಮಾರ್ಚ್ 30, ಭಾನುವಾರ

ತಂಗಿಯನ್ನು ಮನೆಗೆ ಕಳಿಸಿದರು. ಹದಿಮೂರು ದಿನ ಇಟ್ಟುಕೊಂಡಿದ್ದರು. ಹೊರಡುವ ಮೊದಲು ಗುಡುಗಮ್ಮನಿಗೆ ಎಂಟರ ವಿಷಯ ಹೇಳಿದೆ. ಕುಣಿಯುತ್ತಾಳೆ, ಕನಿಷ್ಠ ದೊಡ್ಡಾಸ್ಪತ್ರೆಯವರಿಗೆ ನಾಲ್ಕು ಬೈಗುಳವಾದರೂ ಬೀಳುತ್ತವೆ ಎಂದುಕೊಂಡಿದ್ದೆ. ಆಕೆ ಬಟ್ಟೆಯ ಕಪಾಟಿಗೆ ಒರಗಿ ನಿಂತಳು.

“ನಾವೇ ಅಂದ್ಕೊಂಡಿದ್ವಿ” ಎಂದಳು.

“ಏನನ್ನ?”

“ನಮ್ಮ ಕೈಯಲ್ಲೇ ಏನೋ ಕೊಳೆ ಇದೆ ಅಂತ. ಮೇಲಿನೋರು ಬಂದು ಹನ್ನೊಂದು ಹನ್ನೊಂದು ಅಂತಾನೇ ಇದ್ರಲ್ಲ. ಡಾಕ್ಟ್ರಮ್ಮ ಕೈ ತೊಳ್ದು ತೊಳ್ದು ಚರ್ಮ ಸುಲ್ಕೊಂಡಿದಾರೆ, ನೋಡಿದೀರ ನೀವು? ಮುಚ್ಲಿ, ಇನ್ನೊಬ್ಬಳನ್ನ ಕೊಲ್ಲೋದು ತಪ್ಪುತ್ತೆ ಅಂತ ನಾನೇ ಹೇಳಿದ್ದೆ.”

ಹೆಂಡತಿ ಸತ್ತವರು ಅತ್ತದ್ದನ್ನು ಈ ವಾರ ನೋಡಿದ್ದೇನೆ. ಇದು ಅದಕ್ಕಿಂತ ಕಷ್ಟವಾಯಿತು. ನಮ್ಮ ಒಂದು ತಪ್ಪು ಲೆಕ್ಕ ಈ ಹೆಂಗಸರನ್ನು ಎರಡು ವರ್ಷ ಕೊಲೆಗಾರರನ್ನಾಗಿ ಮಾಡಿದೆ, ನಾವು ಅದಕ್ಕೆ ಬಣ್ಣಬಣ್ಣದ ನಕ್ಷೆ ಬಿಡಿಸಿ ರಟ್ಟು ಹಾಕಿಸಿದ್ದೇವೆ. ಬೆಣ್ಣೆಯ ಕತ್ತು ಹಿಸುಕುವಷ್ಟು ಸಿಟ್ಟು ಬಂದಿದೆ.

ಏಪ್ರಿಲ್ 2, ಬುಧವಾರ

ಸಮಿತಿಯ ಮುಂದೆ ತಂಗಿಯ ಕಥೆಯನ್ನೇ ಇಡಬೇಕೆಂದುಕೊಂಡಿದ್ದೆ. ಎದುರಿಗೇ ಜೀವಂತ ಸಾಕ್ಷಿ, ಕಣ್ಣು ಮುಚ್ಚಿಕೊಳ್ಳಲು ಯಾರಿಗೂ ಆಗದು. ಅವಳು ಮಗುವಿಗೆ ಹಾಲು ಕುಡಿಸುತ್ತ ತಲೆ ಎತ್ತದೆ ಬೇಡ ಎಂದಳು.

“ಯಾಕೆ? ನಿನ್ನಿಂದ ಒಂದು ಆಸ್ಪತ್ರೆ ಉಳಿಯುತ್ತೆ.”

“ಎಲ್ಲಿ ಹೆರಬೇಕು ಅಂತ ನೀನೇ ಹೇಳಿದೆ. ಹೆತ್ತೆ. ಈಗ ಎಲ್ಲಿ ಅಳಬೇಕು ಅಂತಾನೂ ನೀನೇ ಹೇಳ್ತೀಯ. ಅಕ್ಕ, ನನಗೆ ರಾತ್ರಿ ಎಲ್ಲಾ ಈಗಲೂ ಚಳಿ ಆದ ಹಾಗೆ ಆಗುತ್ತೆ, ಗೊತ್ತಾ ನಿನಗೆ?”

ಗೊತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ, ಹೇಗೂ ಜಗಳ ಆಡುವ ಶಕ್ತಿ ಇರಲಿಲ್ಲ. ಎಷ್ಟು ದಿನದಿಂದ ಹಾಗಾಗುತ್ತಿದೆ ಎಂದು ಕೇಳಿದೆ. ಹೇಳಿದಳು. ಹೇಳುತ್ತಲೇ ಇದ್ದಳು. ಹಾಲು ಕುಡಿದು ಮಗು ಮಲಗಿತು, ಅಮ್ಮ ಬಂದು ದೀಪ ಹಾಕಿದಳು, ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಇವತ್ತು ತಂಗಿಯ ಗಂಡ ಪಾತ್ರೆ ತೊಳೆಯಲಿಲ್ಲ, ಬಂದು ನಮ್ಮ ಜೊತೆ ಕೂತ.

ಸಾಕ್ಷಿಯಿಲ್ಲದೆ ಹೋಗಬೇಕಾಗಿದೆ. ಪೂರ್ತಿ ದಿನ ಹಾಳಾಯಿತು.

ಏಪ್ರಿಲ್ 10, ಗುರುವಾರ

ಸಮಿತಿಯಲ್ಲಿ ಒಂಬತ್ತು ಜನ, ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಬೆಣ್ಣೆ ಮೊದಲು ಮಾತಾಡಿದರು. ಆಮೇಲೆ ನಾನು. ಹನ್ನೊಂದು ಹೆಂಗಸರು ಎಲ್ಲಿ ಹೆತ್ತರು, ಯಾವತ್ತು ಕಳಿಸಲಾಯಿತು, ಎಲ್ಲಿಗೆ ಬಂದು ಸತ್ತರು ಎಂದು ಒಬ್ಬೊಬ್ಬಳದಾಗಿ ಓದಿದೆ. ಪಿಸುಮಾತು ಪರದೆಯ ಮೇಲೆ ಕೋಷ್ಟಕ ತೋರಿಸಿ ಖಣೀರ್ ಎಂದು ವಿವರಿಸಿದಳು. ಈಚೆಗೆ ಅವಳ ಗಂಟಲು ವಾಸಿಯಾಗಿದೆ, ಯಾವ ಔಷಧಿಯೋ.

ನನ್ನ ದನಿ ಮಾತ್ರ ನಡುವೆ ಏರಿತು. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು.

“ಡಾಕ್ಟ್ರೇ, ಈಗ ಮಾತಾಡ್ತಿರೋದು ನಿಮ್ಮ ಸಿಟ್ಟೋ, ಅಂಕಿಯೋ?”

“ಅಂಕಿ ಮೇಡಂ. ಸಿಟ್ಟು ಅದನ್ನ ಮನೆಮನೆಯಿಂದ ಹೊತ್ಕೊಂಡು ಬಂದಿದೆ, ಅಷ್ಟೇ.”

ವಾರ್ಡು ಮುಚ್ಚುವುದಿಲ್ಲ. ಸಾವುಗಳನ್ನು ಇನ್ನು ಮುಂದೆ ಹೆರಿಗೆಯಾದ ಆಸ್ಪತ್ರೆಯ ಲೆಕ್ಕಕ್ಕೆ ಬರೆಯಬೇಕು. ದೊಡ್ಡಾಸ್ಪತ್ರೆಯಲ್ಲಿ ಬಾಣಂತಿಯರನ್ನು ಕನಿಷ್ಠ ಮೂರು ದಿನ ಇಟ್ಟುಕೊಳ್ಳಬೇಕು. ಮೂರೂ ನನ್ನ ಶಿಫಾರಸುಗಳೇ, ಮೂರೂ ಒಪ್ಪಿಗೆಯಾದವು. ಬೆಣ್ಣೆ ಎಲ್ಲರೆದುರು ನನ್ನ ಬೆನ್ನು ತಟ್ಟಿ, “ನನ್ನ ಶಿಷ್ಯೆ” ಎಂದರು. ಅವರ ಕೈ ಬೆನ್ನಿಗೆ ತಾಗಿದ್ದು ಈಗಲೂ ಕಿರಿಕಿರಿ.

ಗುಡುಗಮ್ಮನಿಗೆ ಫೋನು ಮಾಡಿದೆ. ಆಕೆ ಅತ್ತಳೋ ನಕ್ಕಳೋ, ಲೈನು ಸರಿಯಿರಲಿಲ್ಲ.

ಏಪ್ರಿಲ್ 21, ಸೋಮವಾರ

ಸಣ್ಣಾಸ್ಪತ್ರೆಯ ಒಬ್ಬಳೇ ಡಾಕ್ಟರನ್ನು ದೊಡ್ಡಾಸ್ಪತ್ರೆಗೆ ತಾತ್ಕಾಲಿಕವಾಗಿ ನಿಯೋಜಿಸಲಾಗಿದೆ. ಕಾರಣ ಆದೇಶದಲ್ಲೇ ಇದೆ. ಬಾಣಂತಿಯರನ್ನು ಮೂರು ದಿನ ಇಟ್ಟುಕೊಳ್ಳಬೇಕೆಂಬ ಸಮಿತಿಯ ನಿರ್ಧಾರದಿಂದ ಅಲ್ಲಿ ಡಾಕ್ಟರುಗಳು ಸಾಲುತ್ತಿಲ್ಲವಂತೆ. ನನ್ನ ಶಿಫಾರಸಿನಿಂದಲೇ ನನ್ನ ಕಣ್ಣಿಗೆ ಚುಚ್ಚಿದ್ದಾರೆ, ಅದೂ ಎಷ್ಟು ನಯವಾಗಿ.

ವಾರ್ಡು ಮುಚ್ಚಿಲ್ಲ. ಬಾಗಿಲು ತೆರೆದೇ ಇದೆ, ಒಳಗೆ ಡಾಕ್ಟರಿಲ್ಲ. ಅಧ್ಯಕ್ಷೆಗೆ ಬರೆದೆ, ಮತ್ತೆ ಬರೆದೆ. ಸಮಿತಿ ಇನ್ನು ಸೇರುವುದು ಮಳೆಗಾಲ ಕಳೆದ ಮೇಲೆ ಎಂದು ಉತ್ತರ ಬಂತು.

ಮೇ 6, ಮಂಗಳವಾರ

ಒಬ್ಬಳು ಹೋದಳು.

ಸಣ್ಣಾಸ್ಪತ್ರೆಯ ಹಿಂದಿನ ಬೀದಿಯವಳು, ಇಪ್ಪತ್ತೆರಡರ ಪ್ರಾಯ, ಮೊದಲನೆಯ ಹೆರಿಗೆ. ಮಗುವನ್ನು ಗುಡುಗಮ್ಮ ಹೆರಿಸಿದಳು, ಚೆನ್ನಾಗಿದೆ. ಆಮೇಲೆ ರಕ್ತ ನಿಲ್ಲಲಿಲ್ಲ. ನರ್ಸುಗಳಿಂದಾಗುವುದನ್ನೆಲ್ಲ ಮಾಡಿದರು. ಮುಂದಿನದಕ್ಕೆ ಡಾಕ್ಟರು ಬೇಕಿತ್ತು. ಆಂಬುಲೆನ್ಸಿನಲ್ಲಿ ಗುಡುಗಮ್ಮ ಹೊಟ್ಟೆ ಒತ್ತಿ ಹಿಡಿದು ಕೂತಿದ್ದಳು. ಸೇತುವೆಯ ಮೇಲೆ ಜೀವ ಹೋಯಿತು.

ಮಧ್ಯಾಹ್ನ ಪಿಸುಮಾತು ಕಡತ ಹಿಡಿದು ನನ್ನ ಮೇಜಿನ ಬಳಿ ಬಂದಳು. “ಮೇಡಂ, ನಿರ್ದೇಶಕರ ಆಫೀಸಿನಿಂದ ಫೋನ್ ಬಂದಿತ್ತು. ಹೆರಿಗೆ ಆದ ಜಾಗಕ್ಕೆ ಹಾಕ್ಬೇಕು ಅನ್ನೋದು ನೀವೇ ಮಾಡಿಸಿದ ನಿಯಮ ಅಂತ ನೆನಪು ಮಾಡಿದ್ರು. ಸಣ್ಣಾಸ್ಪತ್ರೆಗೆ ಹಾಕ್ಬೇಕಂತೆ. ಹಾಕ್ಲಾ?”

ನಿಯಮದ ಪ್ರಕಾರ ಸರಿ. ನಾನೇ ಜಗಳವಾಡಿ ತಂದ ನಿಯಮ. ಅದರ ಪ್ರಕಾರ ಇವಳು ಸಣ್ಣಾಸ್ಪತ್ರೆಯ ನಾಲ್ಕನೆಯವಳು. ಹೀಗೆ ಇನ್ನು ನಾಲ್ಕೈದು ಜನರನ್ನು ಸಾಯಿಸಿದರೆ ಸಾಕು, ಮಳೆಗಾಲ ಕಳೆಯುವುದರೊಳಗೆ ಆ ವಾರ್ಡನ್ನು ನನ್ನ ಕೋಷ್ಟಕವೇ ಮುಚ್ಚಿಸುತ್ತದೆ.

ಹಾಕಬೇಡ ಎಂದೆ. ಹಾಗಾದರೆ ಎಲ್ಲಿಗೆ ಎಂದಳು. ನನಗೆ ಗೊತ್ತಿಲ್ಲ, ಇಬ್ಬರೂ ಕೇಳಿಕೊಂಡು ಬರೋಣ ಎಂದೆ.

ಮೇ 7, ಬುಧವಾರ

ಬೆಳಿಗ್ಗೆ ಸತ್ತವಳ ಮನೆ, ಆಮೇಲೆ ಗುಡುಗಮ್ಮ. ಇಬ್ಬರ ಹತ್ತಿರವೂ ಕೂತು ಕೇಳಿಕೊಂಡೆ. ಮಧ್ಯಾಹ್ನ ಬೆಣ್ಣೆಯ ಕೋಣೆಗೆ ಹೋದೆವು. ಒಳಗೆ ಹೋದ ಮೇಲೆ ಕುರ್ಚಿ ಎಳೆದುಕೊಂಡು ಕೂತೆ.

“ಬಾರಮ್ಮ. ಪಾಪ, ಆ ಹುಡುಗಿ ವಿಷಯ ಕೇಳಿ ಬೇಜಾರಾಯ್ತು.”

“ಅದರ ವಿಚಾರಣೆಗೇ ಬಂದಿದೀವಿ ಸರ್. ಎಲ್ಲರನ್ನೂ ಕೇಳೋ ಹಾಗೆ ನಿಮ್ಮನ್ನೂ ಕೇಳ್ಬೇಕು. ಅವಳಿಗೆ ರಕ್ತ ಹೋಗೋಕೆ ಶುರು ಆದಾಗ ಸಣ್ಣಾಸ್ಪತ್ರೆ ಡಾಕ್ಟ್ರು ಎಲ್ಲಿದ್ರು?”

“ದೊಡ್ಡಾಸ್ಪತ್ರೇಲಿ. ನಿನಗೆ ಗೊತ್ತಲ್ಲ.”

“ಅಲ್ಲಿ ಏನು ಮಾಡ್ತಿದ್ರು?”

ಹೊರರೋಗಿಗಳ ಚೀಟಿ ನೋಡುತ್ತಿದ್ದರು. ಬಾಣಂತಿಯರ ವಾರ್ಡಿನಲ್ಲಿ ಕೂಡ ಅಲ್ಲ. ಅದನ್ನು ಹೇಳಲು ಬೆಣ್ಣೆ ಸಿಬ್ಬಂದಿಯ ಕೊರತೆ, ತಾತ್ಕಾಲಿಕ ವ್ಯವಸ್ಥೆ, ಮೇಲಿನವರ ಒತ್ತಡ ಎಂದು ಊರೆಲ್ಲ ಸುತ್ತಿ ಬಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ಪಿಸುಮಾತು ಬರೆದುಕೊಳ್ಳುತ್ತಿದ್ದಳು.

“ಅವರನ್ನ ಅಲ್ಲಿಂದ ಕರೆಸಿಕೊಂಡಿದ್ದು ಯಾರು ಸರ್?”

ನಕ್ಕರು. ನಾನು ಕಾದೆ. ಗಂಟೆ ಒತ್ತಿ ನೀರು ತರಿಸಿದರು, ಆ ನೀರು ಕುಡಿದೆ, ಲೋಟ ಕೆಳಗಿಟ್ಟು ಮತ್ತೆ ಕಾದೆ. ಫೋನು ಬಂತು, ಎತ್ತಿದರು, ಇಟ್ಟರು. ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. ಇಷ್ಟು ವರ್ಷದಲ್ಲಿ ಆ ಮುಖದ ಮೇಲೆ ನಗು ಇಲ್ಲದ್ದನ್ನು ಇವತ್ತೇ ನೋಡಿದ್ದು. ಒಬ್ಬ ಮುದುಕನ ಹಾಗೆ ಕಂಡರು.

“ನಾನೇ” ಎಂದರು. ಆ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಪಿಸುಮಾತು ಬರೆದಳು. ನಮ್ಮ ಕೆಲಸದಲ್ಲಿ ಬರೆದುಕೊಂಡದ್ದನ್ನು ಹೇಳಿದವರಿಗೆ ಒಂದು ಸಲ ಓದಿ ಹೇಳಿ ಸರಿಯಿದೆಯೇ ಎಂದು ಕೇಳಬೇಕು. ಅದನ್ನು ಕಲಿಸಿದವರೂ ಅವರೇ.

“ಓದಿ ಹೇಳಮ್ಮ” ಎಂದೆ.

ಅವಳು ಓದಿದಳು. ಬಾಗಿಲು ತೆರೆದಿತ್ತು, ಹೊರಗಿನ ಗುಮಾಸ್ತರವರೆಗೂ ಕ್ಲಾಸಿನಲ್ಲಿ ಪಾಠ ಒಪ್ಪಿಸುವಷ್ಟು ಸ್ಪಷ್ಟವಾಗಿ ಕೇಳಿಸಿತು.